ಧರ್ಮದ ಹಸು

ಅಂಗಡಿಯಲ್ಲಿ ಬುರುಲ್ ಬಂದು ನಿಂತರೆ ಅಕ್ಕಪಕ್ಕದವರು ಸರಿದು ನಿಲ್ಲುತ್ತಿದ್ದರು. ಅವಳ ಮೈಯಿಂದ ಸಗಣಿ, ಗಂಜಲ, ಹುಳಿ ಹಾಲಿನ ವಾಸನೆ ಬರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿತ್ತು, ತಲೆಗೆ ಕಟ್ಟಿದ ಬಟ್ಟೆಯಲ್ಲಿತ್ತು, ಮಕ್ಕಳನ್ನು ತಬ್ಬಿಕೊಂಡು ಮಲಗುವ ಹಾಸಿಗೆಯಲ್ಲೂ ಇತ್ತು. ಸ್ವಂತ ದನದ ವಾಸನೆಯಾಗಿದ್ದರೆ ಮೂಗು ಮುಚ್ಚಿಕೊಂಡವರನ್ನು ನೋಡಿ ನಕ್ಕುಬಿಡಬಹುದಿತ್ತು. ಅವಳ ಕೊಟ್ಟಿಗೆಯಲ್ಲಿದ್ದ ನಾಲ್ಕು ದನಗಳೂ ಊರ ಸಾಹುಕಾರ ಶಾಬ್ದಾನನವು.

ಅವತ್ತು ಅವಳ ಮುಂದೆ ನಿಂತಿದ್ದವಳು ಅದೇ ಶಾಬ್ದಾನನ ಸೊಸೆ ಚಿನಾರ್. ಮೈಮೇಲೆ ಹೊಸ ಕುರಿಚರ್ಮದ ಕೋಟು. ಅಂಗಡಿಯವನ ಯಂತ್ರಕ್ಕೆ ಕಾರ್ಡು ಕೊಟ್ಟು ದುಡ್ಡು ತೆಗೆಸಿಕೊಂಡಳು. ಬಡವರ ಮಕ್ಕಳಿಗೆಂದು ಸರ್ಕಾರ ತಿಂಗಳು ತಿಂಗಳು ನೇರವಾಗಿ ಕಾರ್ಡಿಗೇ ಹಾಕುವ ದುಡ್ಡು ಅದು. ನಡುವೆ ಯಾರೂ ಕೈ ಇಡಬಾರದು, ಯಾರೂ ತಿನ್ನಬಾರದು ಎಂದು ರಾಜಧಾನಿಯ ದೊಡ್ಡವರು ಮಾಡಿದ ಏರ್ಪಾಡು. ಚಿನಾರ್ ಆ ದುಡ್ಡಿನಲ್ಲಿ ತಲೆಗೂದಲಿಗೆ ಹಚ್ಚುವ ಬಣ್ಣ ಕೊಂಡಳು. ಇನ್ನೊಂದು ಡಬ್ಬಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಯಾವುದು ತನ್ನ ಮುಖಕ್ಕೆ ಒಪ್ಪುತ್ತದೆ ಎಂದು ಅಲ್ಲಿದ್ದ ಹೆಂಗಸರನ್ನು ಕೇಳಿದಳು. ಹೆಂಗಸರು ಮುತ್ತಿಕೊಂಡು ಹೇಳಿದರು.

ಬುರುಲ್ ಒಂದು ಪೊಟ್ಟಣ ಚಹಾ ಪುಡಿ ಕೊಂಡು ಹೊರಗೆ ಬಂದಳು. ಅವಳ ಮನೆಯಲ್ಲಿ ಮೂರು ಮಕ್ಕಳಿದ್ದವು. ಆ ದುಡ್ಡು ಅವಕ್ಕೆ ಬರುತ್ತಿರಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು. ಕಳ್ಳನನ್ನು ಕಂಡರೆ ಬುರುಲ್‌ಗೆ ಸಿಟ್ಟು ಬರುತ್ತಿತ್ತು. ಕಳ್ಳನ ಮನೆಯ ಚಹಾ ಕುಡಿದು ಮೀಸೆ ಒರೆಸಿಕೊಳ್ಳುವ ಊರನ್ನು ಕಂಡರೆ ಹೇಸಿಗೆ ಬರುತ್ತಿತ್ತು.

ಟಾಶ್-ಕೋರೋ ನಾರಿನ್ ಹೊಳೆಯ ಮೇಲ್ದಂಡೆಯ ಊರು. ಆರು ತಿಂಗಳು ಹಿಮ, ಮಿಕ್ಕ ಆರು ತಿಂಗಳು ಹಿಮಕ್ಕೆ ಬೇಕಾದ ಹುಲ್ಲು ಕೊಯ್ಯುವ ಕೆಲಸ. ಬುರುಲ್‌ಳ ಗಂಡ ದುಡಿಯಲು ರಷ್ಯಕ್ಕೆ ಹೋದ. ಮೊದಲ ವರ್ಷ ಹಣ ಕಳಿಸಿದ, ಎರಡನೆಯ ವರ್ಷ ಫೋಟೊ ಕಳಿಸಿದ, ಆಮೇಲೆ ಅಲ್ಲಿಯೇ ಇನ್ನೊಬ್ಬಳನ್ನು ಕಟ್ಟಿಕೊಂಡ ಎಂಬ ಸುದ್ದಿ ಬಂತು. ಅವನ ತಾಯಿ ಕಾಲಿಚಾ ಮಾತ್ರ ಯಾರು ಕೇಳಿದರೂ ಮಗ ದೊಡ್ಡ ಕೆಲಸದಲ್ಲಿದ್ದಾನೆ, ಬಿಡುವಿಲ್ಲ ಎನ್ನುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಒಂದೇ ಒಲೆಯ ಮುಂದೆ ಉಳಿದರು. ಆ ಹೊತ್ತಿನಲ್ಲಿ ಮಕ್ಕಳ ದುಡ್ಡು ಬರಲು ಶುರುವಾಯಿತು. ಮೂವರದ್ದು ಸೇರಿದರೆ ತಿಂಗಳಿಗೆ ಒಂದು ಚೀಲ ಹಿಟ್ಟು, ಎಣ್ಣೆ, ಕಲ್ಲಿದ್ದಲು, ಚಳಿಗಾಲ ಬರುವಷ್ಟರಲ್ಲಿ ಎಲ್ಲರ ಕಾಲಿಗೂ ಬೂಟು. ಹೊಟ್ಟೆ ತುಂಬ ಅಲ್ಲದಿದ್ದರೂ ಬದುಕಬಹುದಿತ್ತು.

ಹಾಗಿರುವಾಗ ಶಾಬ್ದಾನ್ ಅವಳಿಗೊಂದು ಹಸು ಕೊಟ್ಟ. ಆ ಕಡೆ ಅದಕ್ಕೆ ಸಾನ್ ಎನ್ನುತ್ತಾರೆ. ಉಳ್ಳವರು ಇಲ್ಲದವರ ಮನೆಗೆ ಒಂದು ಕರೆಯುವ ಹಸು ಬಿಡುವುದು. ಮೇಯಿಸುವುದು, ಸಗಣಿ ಬಾಚುವುದು, ಬಾಣಂತನ ಮಾಡುವುದು ಇಲ್ಲದವರ ಕೆಲಸ. ಹಾಲು ಇವರಿಗೆ, ಕರು ಅವರಿಗೆ, ಹಸು ಎಂದಿಗೂ ಅವರದ್ದೇ. ಮುತ್ತಾತಂದಿರ ಕಾಲದ ಪದ್ಧತಿ. ಒಳ್ಳೆಯ ಪದ್ಧತಿಯೇ ಇದ್ದಿರಬೇಕು, ಒಳ್ಳೆಯ ಹಣ್ಣಿಗೇ ಹುಳ ಬೀಳುವುದು. ಶಾಬ್ದಾನ್ ಶುಕ್ರವಾರ ಮಸೀದಿಯಿಂದ ಜನ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಹಸುವನ್ನು ಎಳೆದು ತರಿಸಿದ. ಎಲ್ಲರ ಎದುರಿಗೆ ಹಗ್ಗವನ್ನು ಬುರುಲ್‌ಳ ಕೈಗೆ ಕೊಟ್ಟು, ದಿಕ್ಕಿಲ್ಲದ ಮಕ್ಕಳ ಬಾಯಿಗೆ ಹಾಲು ಬೀಳಲಿ ಎಂದ. ಹಿರಿಯರು ಕೈಯೆತ್ತಿ ಹರಸಿದರು. ಬುರುಲ್ ಅವತ್ತು ಅತ್ತಳು. ಆ ಕಣ್ಣೀರನ್ನು ನೆನೆಸಿಕೊಂಡರೆ ಈಗ ಅವಳಿಗೆ ತನ್ನ ಮೇಲೆಯೇ ಅಸಹ್ಯ.

ಹೋದ ವರ್ಷ ಹುಲ್ಲು ಕೊಯ್ಲು ಮುಗಿದ ಮೇಲೆ ಇನ್ನೂ ಮೂರು ಬಂದವು. ಹಾಲಿಲ್ಲದ ಎರಡು ಹಸು, ಒಂದು ಕಡಸು. ನಿನ್ನ ಕೊಟ್ಟಿಗೆ ಬೆಚ್ಚಗಿದೆ, ನಾಲ್ಕು ದಿನ ಇರಲಿ ಎಂದು ಶಾಬ್ದಾನ್ ಹೇಳಿ ಕಳಿಸಿದ. ಅವನ ಮನೆಯ ಕೊಟ್ಟಿಗೆಗೆ ಸಿಮೆಂಟಿನ ಗೋಡೆ, ತಗಡಿನ ಸೂರು. ಬುರುಲ್‌ಳದ್ದು ಮಣ್ಣಿನ ಗೋಡೆ. ಆದರೂ ಅವಳು ಇಲ್ಲ ಎನ್ನಲಿಲ್ಲ. ಅವನ ಹಾಲು ಕುಡಿಯುವ ಬಾಯಲ್ಲಿ ಇಲ್ಲ ಎನ್ನುವುದು ಹೇಗೆ? ಬಂದ ದನಗಳು ಹೋಗಲಿಲ್ಲ. ಶಾಬ್ದಾನ್ ಅರ್ಧ ಹುಲ್ಲು ಕಳಿಸಿದ, ಮಿಕ್ಕ ಅರ್ಧವನ್ನು ಅವಳು ಬೆಟ್ಟದ ಮೇಲಿಂದ ಬೆನ್ನ ಮೇಲೆ ಹೊತ್ತು ತಂದಳು. ಬೆಳಗಿನ ಜಾವ ಎದ್ದು ಹೆಪ್ಪುಗಟ್ಟಿದ ಸಗಣಿಯನ್ನು ಸಲಿಕೆಯಿಂದ ಒಡೆಯುವಳು. ಹೊಳೆಯ ಮೇಲಿನ ಮಂಜುಗಡ್ಡೆಯನ್ನು ಕೊಡಲಿಯಲ್ಲಿ ಕಡಿದು ನೀರು ಹೊರುವಳು. ಬೆರಳುಗಳ ಗೆಣ್ಣು ಬಿರಿದು ರಕ್ತ ಬಂದು ಅದರ ಮೇಲೇ ಮತ್ತೆ ಬಿರಿಯುವುದು. ಕೂಲಿ ಕೇಳುವಂತಿಲ್ಲ. ಧರ್ಮಕ್ಕೆ ಬಂದ ದನಕ್ಕೆ ಕೂಲಿ ಎಲ್ಲಿಯದು?

ದನಗಳು ಬಂದ ಮೇಲೆ ಒಂದು ವಾರವೂ ಆಗಿರಲಿಲ್ಲ, ಪಂಚಾಯಿತಿಯವರು ಮನೆ ಮನೆ ನೋಡಲು ಬಂದರು. ಯಾರು ನಿಜವಾಗಿ ಬಡವರು, ಯಾರ ಮಕ್ಕಳಿಗೆ ದುಡ್ಡು ಮುಂದುವರಿಸಬೇಕು ಎಂದು ಕಣ್ಣಾರೆ ನೋಡುವ ಕೆಲಸ. ಒಂದು ಹಸು ಇದ್ದರೆ ದುಡ್ಡು ನಿಲ್ಲುವುದಿಲ್ಲ, ನಾಲ್ಕಿದ್ದರೆ ನಿಲ್ಲುತ್ತದೆ. ಆ ಹೊತ್ತಿಗೆ ಬುರುಲ್ ಕೊಟ್ಟಿಗೆಯ ಒಳಮೂಲೆಯಲ್ಲಿದ್ದಳು. ಶಾಬ್ದಾನ್ ಮೊದಲು ಕೊಟ್ಟ ಹಸು ಕರು ಹಾಕಲಾರದೆ ಬಿದ್ದುಕೊಂಡಿತ್ತು. ಕರುವಿನ ಒಂದು ಕಾಲು ಒಳಗೇ ಮಡಚಿ ಸಿಕ್ಕಿಕೊಂಡಿತ್ತು. ಮೊಣಕೈವರೆಗೆ ಕೈ ಹಾಕಿ ಆ ಕಾಲನ್ನು ಹುಡುಕುತ್ತಿದ್ದಳು. ಹಸು ತಿಣುಕಿದಾಗಲೆಲ್ಲ ಅವಳ ಮೂಳೆ ಮುರಿಯುವ ಹಾಗೆ ಆಗುತ್ತಿತ್ತು. ಹೊರಗೆ ಯಾರೋ ಮಾತಾಡುವುದು ಕೇಳಿಸಿತು. ಕೈ ಬಿಡುವಂತಿರಲಿಲ್ಲ.

ಬಾಗಿಲಲ್ಲಿ ಕೂತಿದ್ದವಳು ಕಾಲಿಚಾ. ಪಂಚಾಯಿತಿಯ ಗುಮಾಸ್ತೆ ನಾಜಿಕ್ ಎಂಬ ಹುಡುಗಿ ಬಂದು, ಆ ಸೀಮೆಯಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಹಾಗೆ, ಮೊದಲು ದನವನ್ನು ಆಮೇಲೆ ಜನವನ್ನು ವಿಚಾರಿಸಿದಳು. ಮುದುಕಿಯನ್ನು ಅಪಾ, ಎಂದರೆ ಅಮ್ಮ, ಎಂದು ಕರೆದಳು.

"ದನಕರು, ಜೀವ ಎಲ್ಲಾ ಸುಖಾನಾ ಅಪಾ?"

"ಸುಖ ಕಣವ್ವಾ. ದೇವರ ದಯೆ. ದನಾನೂ ಸುಖ, ನಾವೂ ಸುಖ."

ಹುಟ್ಟಿದಾಗಿನಿಂದ ಸಾವಿರ ಸಲ ಹೇಳಿದ ಮಾತು. ದನ ಇಲ್ಲದವರೂ ಅದನ್ನೇ ಹೇಳುತ್ತಾರೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾಜಿಕ್ ಕೊಟ್ಟಿಗೆಯ ಕಡೆ ನೋಡಿ, ಅವೆಲ್ಲ ನಿಮ್ಮವೇನಾ ಎಂದು ಕೇಳಿದಳು. ಕಾಲಿಚಾಳ ಪಕ್ಕದಲ್ಲಿ ಪಂಚಾಯಿತಿಯ ಇಬ್ಬರು ಗಂಡಸರು ನಿಂತಿದ್ದರು, ಬೇಲಿಯಾಚೆ ನೆರೆಮನೆಯವರು ನಿಂತಿದ್ದರು. ಮಗ ಬಿಟ್ಟು ಹೋದ ಮನೆ ಎಂದು ಮೂರು ವರ್ಷದಿಂದ ಊರಿನ ಕನಿಕರ ತಿಂದು ಆ ಮುದುಕಿಗೆ ಸಾಕಾಗಿತ್ತು. ಒಂದೇ ಒಂದು ಸಲ ತಲೆಯೆತ್ತಿ ಕೂತಳು. ನಮ್ಮವೇ, ಮತ್ಯಾರವು ಎಂದುಬಿಟ್ಟಳು. ನಾಜಿಕ್ ಫೋಟೊ ಹಿಡಿದುಕೊಂಡಳು. ಬುರುಲ್ ಭುಜದವರೆಗೆ ರಕ್ತ ಲೋಳೆ ಬಳಿದುಕೊಂಡು ಹೊರಗೆ ಓಡಿ ಬರುವಷ್ಟರಲ್ಲಿ ಅವರ ಕಾರು ಶಾಬ್ದಾನನ ಮಗನ ಮನೆಯ ಮುಂದಿತ್ತು. ಅಪ್ಪನಿಗೂ ಮಗನಿಗೂ ಇದ್ದ ಒಂದೇ ಕೊಟ್ಟಿಗೆ ಖಾಲಿ. ಮಗ ಬೇರೆ ಒಲೆ ಹೂಡಿದ್ದಾನೆ, ಕೆಲಸ ಇಲ್ಲ, ದನ ಇಲ್ಲ, ಮನೆಯ ಮುಂದಿನ ಜೀಪು ಭಾವಮೈದುನನದ್ದು. ಬಡವ.

ಬುರುಲ್‌ಳ ದುಡ್ಡು ನಿಂತಿತು. ಆ ಚಳಿಗಾಲ ಅವಳ ಎರಡು ಹೆಣ್ಣುಮಕ್ಕಳಿಗೆ ಒಂದೇ ಜೊತೆ ಬೂಟು. ದೊಡ್ಡವಳು ಜಾಂಗಿಲ್‌ಗೆ ಬೆಳಗಿನ ಶಾಲೆ, ಚಿಕ್ಕವಳು ಐಸುಲುಗೆ ಮಧ್ಯಾಹ್ನದ ಶಾಲೆ. ಜಾಂಗಿಲ್ ಓಡಿ ಬಂದು ದಾರಿಯ ನಡುವೆ ಬೂಟು ಬಿಚ್ಚುವಳು. ತಂಗಿ ಚಿಂದಿ ಸುತ್ತಿದ ಕಾಲನ್ನು ಎತ್ತಿ ಒಳಗೆ ತೂರಿಸುವಳು. ಅಕ್ಕ ಅದೇ ಚಿಂದಿಯನ್ನು ಸುತ್ತಿಕೊಂಡು ಹಿಮದ ಮೇಲೆ ಮನೆಗೆ ಬರುವಳು. ಮಾಘದ ಚಳಿಯಲ್ಲಿ ಜಾಂಗಿಲ್‌ಳ ಎಡಗಾಲಿನ ಎರಡು ಬೆರಳು ಕಪ್ಪಾದವು. ಒಂದನ್ನು ತೆಗೆಯಬೇಕಾಯಿತು. ಕಾಲಿಚಾ ಅವತ್ತಿನಿಂದ ಮಾತು ಕಡಿಮೆ ಮಾಡಿದಳು. ಬುರುಲ್ ಅತ್ತೆಯನ್ನು ಬೈಯಲಿಲ್ಲ. ಬೈದು ಏನು ಬರುತ್ತದೆ?

ಅಂಗಡಿಯಲ್ಲಿ ಚಿನಾರ್ ಬಣ್ಣದ ಡಬ್ಬಿಯನ್ನು ಬೆಳಕಿಗೆ ಹಿಡಿದ ಆ ದಿನ, ಮತ್ತೊಂದು ಚಳಿಗಾಲ ಬಾಗಿಲಿಗೆ ಬಂದಿತ್ತು. ಬುರುಲ್ ಅಲ್ಲಿಂದ ನೆಟ್ಟಗೆ ಪಂಚಾಯಿತಿಗೆ ಹೋದಳು. ದನಗಳು ತನ್ನವಲ್ಲ ಎಂದಳು. ನಾಜಿಕ್ ಕೆಟ್ಟವಳಲ್ಲ, ಹೆದರುವವಳು. ಬಾಗಿಲು ಮುಂದೆ ಮಾಡಿಕೊಂಡು ಮಾತಾಡಿದಳು. ದನಗಳನ್ನು ಬಿಟ್ಟು ಬಂದರೂ ಆಗುವುದಿಲ್ಲ, ಬಚ್ಚಿಟ್ಟಿದ್ದಾಳೆ ಎನ್ನುತ್ತಾರೆ. ದನ ಯಾರದ್ದೋ ಅವರು ಬಂದು ನನ್ನದು ಎನ್ನಬೇಕು, ಆಗ ಮಾತ್ರ ಬದಲಾಗುತ್ತದೆ ಎಂದಳು.

ಬುರುಲ್ ಶಾಬ್ದಾನನ ಮನೆಗೆ ಹೋದಳು. ಅವನು ಬೈಯಲಿಲ್ಲ. ಅವನು ಯಾರನ್ನೂ ಬೈಯುವವನಲ್ಲ. ಮೆತ್ತಗಿನ ಮಾತು, ಬಿಳಿಯ ಕೈ, ಮೈಗೆ ಅತ್ತರು. ಊರವರು ಅವನನ್ನು ಬಾಯ್ಕೆ, ಅಂದರೆ ಧಣಿ, ಎನ್ನುತ್ತಿದ್ದರು. ಊರ ಸೊಸೆಯರನ್ನು ಹಿರಿಯರು ಕರೆಯುವ ಹಾಗೆ ಕೆಲಿನ್ ಎಂದು ಕರೆದು ಕೂರಿಸಿದ. ಕಂಬಳಿಯ ಮೇಲಲ್ಲ, ಬಾಗಿಲ ಬಳಿ.

"ನೋಡು ಕೆಲಿನ್, ನಾನು ನನ್ನದು ಅಂದ್ರೆ ನನ್ನ ಮೊಮ್ಮಕ್ಕಳ ದುಡ್ಡು ಹೋಗುತ್ತೆ. ಅವೂ ಮಕ್ಕಳೇ ತಾನೆ? ನಿನಗೆ ಹಾಲಿದೆ. ಒಬ್ಬರಿಗೆ ಹಾಲು, ಒಬ್ಬರಿಗೆ ದುಡ್ಡು. ದೇವರು ಹಂಚಿ ಕೊಟ್ಟಿದ್ದಾನೆ."

"ಮೂರನ್ನಾದ್ರೂ ಹಿಂದಕ್ಕೆ ಕರೆಸ್ಕೊಳ್ಳಿ ಬಾಯ್ಕೆ. ಒಂದೇ ಇಟ್ಕೋತೀನಿ. ಹುಡುಗಿ ಕಾಲು ನೋಡಿದ್ದೀರಲ್ಲ."

ಅವನು ಹುಡುಗಿಯ ಕಾಲಿಗಾಗಿ ನಿಜವಾಗಿಯೂ ಮರುಗಿದ. ಕಣ್ಣಲ್ಲಿ ನೀರೂ ಬಂತು. ಆಮೇಲೆ, ಇಟ್ಟುಕೊಂಡರೆ ನಾಲ್ಕನ್ನೂ ಇಟ್ಟುಕೋ, ಬಿಟ್ಟರೆ ನಾಲ್ಕನ್ನೂ ಬಿಡು, ಹಾಲಿಗೆ ಕಾದಿರುವ ಮನೆಗಳು ಊರಲ್ಲಿ ಬೇಕಾದಷ್ಟಿವೆ ಎಂದ. ಹೊರಡುವಾಗ ಹಿಂದಿನ ದಿನದ ಔತಣದಲ್ಲಿ ಉಳಿದ ಮಾಂಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿ ಕೊಟ್ಟ. ಔತಣದಲ್ಲಿ ಮಿಕ್ಕಿದ್ದನ್ನು ಬೇಡ ಎನ್ನುವ ರೂಢಿ ಆ ಕಡೆ ಇಲ್ಲ, ಅದು ಪ್ರಸಾದದ ಹಾಗೆ. ಮನೆಗೆ ಬಂದು ಬಿಚ್ಚಿದರೆ ಬರೀ ಮೂಳೆ, ಅದರ ಮೇಲೆ ಯಾರದೋ ಹಲ್ಲಿನ ಗುರುತು. ಮಕ್ಕಳು ಕಿತ್ತಾಡಿಕೊಂಡು ಚೀಪಿದವು. ಬುರುಲ್ ಹಿತ್ತಲಿಗೆ ಹೋಗಿ ವಾಂತಿ ಮಾಡಿದಳು.

ಅವಳು ಶಾಬ್ದಾನನ ಮನೆಗೆ ಹೋಗಿ ಜಗಳಾಡಿದಳು ಎಂದು ಸಂಜೆಯೊಳಗೆ ಊರೆಲ್ಲ ಹಬ್ಬಿತು. ನೀರಿಗೆ ಬಂದ ಹೆಂಗಸರು, ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ ಎಂದು ಅವಳಿಗೆ ಕೇಳುವ ಹಾಗೆ ಆಡಿಕೊಂಡರು. ಆಡಿಕೊಂಡವರಲ್ಲಿ ಇಬ್ಬರ ಕೊಟ್ಟಿಗೆಯಲ್ಲೂ ಶಾಬ್ದಾನನ ದನಗಳಿದ್ದವು. ಅವರ ಮಕ್ಕಳ ದುಡ್ಡೂ ನಿಂತಿತ್ತು. ತಮ್ಮ ಕೊರಳಿಗೆ ಬಿದ್ದ ಹಗ್ಗವನ್ನು ಮುತ್ತಿನ ಸರ ಎಂದು ತೋರಿಸುವವರು. ಬುರುಲ್ ಕೊಡ ತುಂಬಿಕೊಂಡು ಬಂದಳು. ಮಾರನೆಯ ದಿನ ಹಾಲಿನ ಲಾರಿ ಹತ್ತಿ ಜಿಲ್ಲೆಯ ಕಚೇರಿಗೆ ಹೋದಳು. ಬಾಗಿಲಿನವನು ಮೂಗು ಮುಚ್ಚಿಕೊಂಡು ಆಚೆ ಕೂರು ಎಂದ. ಅವಳು ಒಳಗೇ ಕೂತಳು. ವಾಸನೆ ತಡೆಯಲಾರದೆಯೋ ಏನೋ, ಸಂಜೆಯ ಹೊತ್ತಿಗೆ ಒಬ್ಬ ಅಧಿಕಾರಿ ಅವಳ ಮಾತು ಕೇಳಿದ. ನಾನೇ ಬಂದು ಕಣ್ಣಾರೆ ನೋಡುತ್ತೇನೆ ಎಂದ.

ಬಂದ. ಮೊದಲ ಹಿಮ ಬಿದ್ದ ವಾರ ಬಂದ. ಅವನ ಕಾರು ನೆಟ್ಟಗೆ ಶಾಬ್ದಾನನ ಮನೆಯ ಮುಂದೆ ನಿಂತಿತು. ಅಲ್ಲಿ ಕುರಿ ಬಿದ್ದಿತ್ತು, ಒಲೆ ಉರಿಯುತ್ತಿತ್ತು, ಊರ ಹಿರಿಯರು ಆಗಲೇ ಬಂದು ಕೂತಿದ್ದರು. ಬೋಟಿ ತೊಳೆಯಲು ಎಂದಿನ ಹೆಂಗಸರಿಗೆ ಹೇಳಿ ಹೋಗಿತ್ತು. ಬುರುಲ್‌ಗೂ ಹೇಳಿ ಹೋಗಿತ್ತು. ಅವಳು ಹೋದಳು. ಅಧಿಕಾರಿ ಊಟ ಮುಗಿಸಿ ತನ್ನ ಕೊಟ್ಟಿಗೆಗೆ ಬರುತ್ತಾನೆ, ತಾನೇ ಕರೆದುಕೊಂಡು ಹೋಗಬಹುದು ಎಂದುಕೊಂಡಳು. ಬೆಳಗ್ಗೆಯೇ ಕೊಟ್ಟಿಗೆ ಗುಡಿಸಿಟ್ಟಿದ್ದಳು. ಏನು ಹೇಳಬೇಕೆಂದು ಅತ್ತೆಗೆ ಮಗುವಿಗೆ ಕಲಿಸುವ ಹಾಗೆ ಕಲಿಸಿದ್ದಳು.

ಶಾಬ್ದಾನನ ಹಿತ್ತಲಿನ ತೊರೆಯ ಅಂಚು ಹೆಪ್ಪುಗಟ್ಟಿತ್ತು. ಅವಳು ಮೊಣಕಾಲೂರಿ ಕುರಿಯ ಕರುಳನ್ನು ಬಿಡಿಸಿ, ಒಳಗಿನ ಹಸಿರು ಹಿಕ್ಕೆಯನ್ನು ಹಿಂಡಿ ಹಿಂಡಿ ತೆಗೆಯುತ್ತಿದ್ದಳು. ನೀರು ಕೈಯನ್ನು ಕಚ್ಚುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕಚ್ಚುವುದೂ ನಿಂತಿತು, ಕೈ ಇದೆಯೋ ಇಲ್ಲವೋ ತಿಳಿಯದಾಯಿತು. ಮನೆಯೊಳಗಿಂದ ಗಂಡಸರ ನಗು ಕೇಳಿಸುತ್ತಿತ್ತು. ನಾಜಿಕ್ ತಟ್ಟೆ ಹಿಡಿದು ಹೊರಗೆ ಬಂದವಳು ಇವಳನ್ನು ನೋಡಿ ಹತ್ತಿರ ಬಂದು, ಅಕ್ಕ ಎನ್ನುವ ಹಾಗೆ ಏಜೆ ಎಂದು ಕರೆದಳು.

"ಸಾಹೇಬ್ರು ನಿಮ್ಮನೆಗೆ ಬರಲ್ಲ ಏಜೆ. ಇಲ್ಲೇ ಕೂತ್ಕೊಂಡು ಬರೆದ್ಬಿಟ್ರು. ಊಟ ಆದ್ಮೇಲೆ ಹೊರಡ್ತಾರೆ."

"ಏನಂತ ಬರೆದ್ರು?"

"ದನ ನಿಮ್ಮವೇ ಅಂತ."

ಬುರುಲ್ ಕೈಯಲ್ಲಿದ್ದ ಕರುಳನ್ನು ನೋಡಿದಳು. ಅದರ ತುದಿಯಿಂದ ಇನ್ನೂ ಹಸಿರು ನೀರು ಸೋರುತ್ತಿತ್ತು. ಈ ಕರುಳನ್ನು ತಾನು ಬೆಳ್ಳಗೆ ತೊಳೆದು ಕೊಡಬೇಕು, ಅವರು ಅದನ್ನು ತುಂಬಿ ಬೇಯಿಸಿ ತಿನ್ನಬೇಕು, ತಿಂದು ಇದೇ ಬಾಯಲ್ಲಿ ದನ ನಿನ್ನವು ಎನ್ನಬೇಕು. ಅವಳು ಕೈ ಬಿಟ್ಟಳು. ಕರುಳು ಬಿಚ್ಚಿಕೊಂಡು ತೊರೆಯಲ್ಲಿ ತೇಲಿ ಹೋಯಿತು. ಪಕ್ಕದವಳು ಅಯ್ಯೋ ಎಂದು ಹಿಡಿಯಲು ಹೋಗಿ ನೀರಿಗೆ ಕಾಲಿಟ್ಟಳು. ಬುರುಲ್ ಬೋಗುಣಿಯಲ್ಲಿದ್ದ ಉಳಿದದ್ದನ್ನೂ ಒದ್ದಳು. ಎದ್ದು ಮನೆಗೆ ನಡೆದಳು.

ಅವಳು ಕಣ್ಣಿ ಬಿಚ್ಚುವುದನ್ನು ಕಂಡು ಕಾಲಿಚಾ ಎಲ್ಲಿಗೆ ಎಂದು ಕೇಳಿದಳು. ಅವರ ಮನೆಗೆ ಎಂದಳು ಬುರುಲ್.

"ನಾಲ್ಕನ್ನೂನಾ?"

"ನಾಲ್ಕನ್ನೂ."

"ಹಾಲು?"

ಬುರುಲ್ ಕರೆಯುವ ಹಸುವಿನ ಕಣ್ಣಿಯನ್ನೂ ಬಿಚ್ಚಿದಳು. ಮುದುಕಿ ಬಾಗಿಲ ಸಂದಿಯಲ್ಲಿದ್ದ ಕೋಲು ತೆಗೆದುಕೊಂಡು ದನಗಳ ಹಿಂದೆ ಬಂದು ನಿಂತಳು. ಇಬ್ಬರು ಹೆಂಗಸರು ನಾಲ್ಕು ದನಗಳನ್ನು ಊರ ನಡುವಿನ ದಾರಿಯಲ್ಲಿ ಹೊಡೆದುಕೊಂಡು ಹೋದರು. ಕಿಟಕಿಗಳಲ್ಲಿ ಮುಖಗಳು ಕಂಡವು.

ಶಾಬ್ದಾನನ ಅಂಗಳಕ್ಕೆ ದನಗಳು ನುಗ್ಗಿದವು. ಒಂದು ಅಧಿಕಾರಿಯ ಕಾರಿಗೆ ಮೈ ಉಜ್ಜಿತು, ಇನ್ನೊಂದು ಹಾಸುಗಲ್ಲಿನ ಮೇಲೆ ಸಗಣಿ ಹಾಕಿತು. ಗಲಾಟೆ ಕೇಳಿ ಊಟಕ್ಕೆ ಕೂತವರು ಜಗುಲಿಗೆ ಬಂದರು. ಎಲ್ಲರ ತುಟಿಯ ಮೇಲೂ ಕೊಬ್ಬು ಮಿಂಚುತ್ತಿತ್ತು. ಶಾಬ್ದಾನ್ ಮುಂದೆ ಬಂದ, ಹಿಂದೆ ಅಧಿಕಾರಿ, ಅವನ ಪಕ್ಕದಲ್ಲಿ ಹಿರಿಯರಲ್ಲೆಲ್ಲ ಹಿರಿಯನಾದ ಸಾದಿಕ್ ಅಜ್ಜ.

"ನಿಮ್ಮ ದನ ತಂದಿದ್ದೀನಿ ಬಾಯ್ಕೆ," ಎಂದಳು ಬುರುಲ್.

ಶಾಬ್ದಾನ್ ನಕ್ಕ. ಅಧಿಕಾರಿಯ ಕಡೆ ತಿರುಗಿ, ಗಂಡ ಬಿಟ್ಟ ಹೆಣ್ಣು, ಪಾಪ, ಒಂದೊಂದು ಸಲ ತಲೆ ಸರಿಯಿರುವುದಿಲ್ಲ ಎಂದ. ಆಮೇಲೆ ಅವಳಿಗೆ ಅದೇ ಮೆತ್ತಗಿನ ದನಿಯಲ್ಲಿ ಹೇಳಿದ.

"ನಿನ್ನವೇ ಕೆಲಿನ್. ಎಲ್ಲರ ಮುಂದೆ ಹೇಳ್ತಿದ್ದೀನಿ. ನಾಲ್ಕೂ ನಿನ್ನವೇ. ಮನೆಗೆ ಹೊಡ್ಕೊಂಡು ಹೋಗು."

ಅವನ ಲೆಕ್ಕ ತಪ್ಪಿದ್ದು ಅಲ್ಲಿ. ಇವಳು ಅಳುತ್ತಾಳೆ, ಶಪಿಸುತ್ತಾಳೆ, ಆಮೇಲೆ ಹೋಗುತ್ತಾಳೆ ಎಂದುಕೊಂಡಿದ್ದ. ಬುರುಲ್ ಅಳಲಿಲ್ಲ. ನಾಲ್ಕರಲ್ಲಿ ಕಡಸಿನ ಹಗ್ಗವನ್ನು ಹಿಡಿದು ಜಗುಲಿಯ ಮುಂದಕ್ಕೆ ಎಳೆದು ತಂದಳು. ಒಳ್ಳೆಯ ತಳಿಯದು, ಕೆಂಪು ಮೈ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅದನ್ನು ಹಾಗೆ ಹೊಳೆಯಿಸಿದವಳು ಅವಳೇ.

"ನನ್ನವು ಅಂದ ಮೇಲೆ ಸರಿ. ಜಿಲ್ಲೆಯಿಂದ ದೊಡ್ಡವರು ಬಂದಿದ್ದಾರೆ, ಒಂದು ಕುರಿ ಎಲ್ಲಿ ಸಾಲುತ್ತೆ? ನನ್ನ ಕಡೆಯಿಂದ ಈ ಕಡಸು. ಬಾತಾ ಕೊಡಿ ಅಜ್ಜ."

ಆ ಸೀಮೆಯಲ್ಲಿ ಅತಿಥಿಗಾಗಿ ಪ್ರಾಣಿ ಕೊಯ್ಯುವ ಮುಂಚೆ ಹಿರಿಯರ ಮುಂದೆ ನಿಲ್ಲಿಸಿ ಹಾರೈಕೆ ಕೇಳುತ್ತಾರೆ. ಅದೇ ಬಾತಾ. ಕೇಳಿದವರಿಗೆ ಇಲ್ಲ ಎಂದ ಹಿರಿಯ ಇಲ್ಲಿಯವರೆಗೆ ಹುಟ್ಟಿಲ್ಲ. ಸಾದಿಕ್ ಅಜ್ಜನಿಗೆ ತೊಂಬತ್ತರ ಹತ್ತಿರ. ಏನು ಎತ್ತ ಎಂದು ಯೋಚಿಸುವ ಮೊದಲೇ ಅವನ ಎರಡು ಕೈಗಳೂ ಮೇಲೆದ್ದವು. ಅವನ ಕೈ ಎದ್ದ ಮೇಲೆ ಮಿಕ್ಕವರ ಕೈ ಎದ್ದವು. ಅಧಿಕಾರಿಯ ಕೈಯೂ ಎದ್ದಿತು. ಕೊನೆಗೆ ಶಾಬ್ದಾನನ ಬಿಳಿಯ ಕೈಗಳೂ ಏಳಬೇಕಾಯಿತು. ಅಜ್ಜ ನಡುಗುವ ದನಿಯಲ್ಲಿ ಹೆಣ್ಣಿನ ಮನೆ ಬೆಳಗಲಿ, ದನ ತುಂಬಲಿ, ಮಕ್ಕಳ ಕಾಲು ಗಟ್ಟಿಯಾಗಲಿ ಎಂದು ಹರಸಿದ. ಎಲ್ಲರೂ ಆಮೀನ್ ಎಂದು ಮುಖ ಒರೆಸಿಕೊಂಡರು.

ಕುರಿ ಕೊಯ್ದಿದ್ದ ಆಳು ಅಲ್ಲೇ ನಿಂತಿದ್ದ. ಬಾತಾ ಆಯಿತಲ್ಲ, ಅವನು ಬಂದು ಕಡಸಿನ ಕಾಲಿಗೆ ಹಗ್ಗ ಸುತ್ತಿ ನೆಲಕ್ಕೆ ಕೆಡವಿದ. ಕಡಸು ಬುರುಲ್‌ಳ ಮುಖ ನೋಡಿ ಕೂಗಿತು. ಅದು ಇನ್ನೂ ಎಳೆಯದಾಗಿದ್ದಾಗ ಬಂದದ್ದು, ಒಂದು ರಾತ್ರಿ ಅದಕ್ಕೆ ಹೊಟ್ಟೆ ಉಬ್ಬರಿಸಿದಾಗ ಬೆಳಗಿನವರೆಗೆ ಅದರ ಹೊಟ್ಟೆ ತಿಕ್ಕಿದ್ದಳು. ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಶಾಬ್ದಾನನನ್ನೇ ನೋಡುತ್ತ ನಿಂತಳು. ಆಳು ಚಾಕು ತೆಗೆದ.

"ಬಿಡೋ ಅದನ್ನ," ಎಂದ ಶಾಬ್ದಾನ್. "ಅದು ಗಬ್ಬ. ಐದು ತಿಂಗಳ ಗಬ್ಬ."

"ನನ್ನ ಕಡಸು ಗಬ್ಬ ಅಂತ ನಿಮಗೆ ಹೆಂಗೆ ಗೊತ್ತು ಬಾಯ್ಕೆ?"

ಅವನ ಮುಖ ಕೆಂಪಾಗಿ, ಆಮೇಲೆ ಹಳದಿಯಾಯಿತು. ಆಳು ಯಾರ ಮಾತು ಕೇಳಬೇಕೆಂದು ತಿಳಿಯದೆ ಚಾಕು ಹಿಡಿದು ಕೂತಿದ್ದ. ಕೊಯ್ಯಪ್ಪ, ಯಾಕೆ ನಿಲ್ಲಿಸಿದೆ ಎಂದಳು ಬುರುಲ್. ಆಳು ಬಗ್ಗಿದ. ಶಾಬ್ದಾನನ ಮೆತ್ತಗಿನ ದನಿ ಹರಿದುಹೋಯಿತು. ಬೀದಿ ನಾಯಿ ಬೊಗಳಿದ ಹಾಗೆ ಕೂಗಿದ.

"ಅದು ನನ್ನದು. ಮುಟ್ಟಬೇಡ. ನನ್ನ ದನ ಅದು."

"ಇದೊಂದೇನಾ?"

"ನಾಲ್ಕೂ. ನಾಲ್ಕೂ ನನ್ನವೇ, ಮುಂಡೆ."

ಬುರುಲ್ ಅಧಿಕಾರಿಯ ಕಡೆ ತಿರುಗಿ, ಕೇಳಿದಿರಲ್ಲ, ಬರೆದುಕೊಳ್ಳಿ ಎಂದಳು. ಅಧಿಕಾರಿ ಬರೆಯಲಿಲ್ಲ. ತನಗೆ ಊಟ ಹಾಕಿದವನ ಮುಖ ನೋಡಿದ. ಅವನಿಂದ ಬರೆಸಿದ್ದು ಸಾದಿಕ್ ಅಜ್ಜ. ಅಜ್ಜನಿಗೆ ಬುರುಲ್‌ಳ ಮೇಲೇನೂ ಕನಿಕರ ಹುಟ್ಟಿರಲಿಲ್ಲ. ಅವಳ ಮಕ್ಕಳು ಹಿಮದಲ್ಲಿ ಚಿಂದಿ ಸುತ್ತಿದ ಕಾಲಲ್ಲಿ ನಡೆಯುವುದನ್ನು ಅವನು ಚಳಿಗಾಲವೆಲ್ಲ ಕಿಟಕಿಯಿಂದ ನೋಡಿದ್ದ. ತೊಂಬತ್ತು ವರ್ಷದ ತನ್ನ ಬಾಯಿಂದ ಸುಳ್ಳಿಗೆ ಬಾತಾ ಕೊಡಿಸಿದರಲ್ಲ ಎಂಬುದು ಅವನ ಉರಿ. ಕೋಲು ಕುಟ್ಟಿ, ಬರೆಯಯ್ಯಾ, ಇಲ್ಲದಿದ್ದರೆ ನಾನೇ ಜಿಲ್ಲೆಗೆ ಬರುತ್ತೇನೆ ಎಂದ. ಅಧಿಕಾರಿ ಬರೆದ. ನಾಜಿಕ್ ದನಗಳ ಫೋಟೊ ಹಿಡಿದುಕೊಂಡಳು.

ಬುರುಲ್ ಕಡಸಿನ ಕಾಲಿನ ಹಗ್ಗ ಬಿಚ್ಚಿದಳು. ಅದು ಎದ್ದು ನಿಂತು ಮೈ ಕೊಡವಿತು. ಅತ್ತೆಯ ಕೈ ಹಿಡಿದುಕೊಂಡು ಬರಿಗೈಯಲ್ಲಿ ಮನೆಗೆ ಹೋದಳು.

ಬರೆದದ್ದು ಜಿಲ್ಲೆಗೆ ಹೋಗಿ, ಅಲ್ಲಿಂದ ಎಲ್ಲಿಗೋ ಹೋಗಿ, ದುಡ್ಡು ಬರುವುದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಹಾಲು ಮಾತ್ರ ಅವತ್ತೇ ನಿಂತಿತು. ಕಿರಿಯ ಮಗ ಕರಿ ಚಹಾ ಕುಡಿಯಲಾರೆ ಎಂದು ಹಟ ಮಾಡಿ, ಅತ್ತು, ಕೊನೆಗೆ ಕುಡಿದ. ಸಂಜೆಯಾಗುತ್ತಿದ್ದ ಹಾಗೆ ಊರಿನ ಆ ಕೊನೆಯಿಂದ ಹಸು ಕೂಗುವುದು ಕೇಳಿಸಿತು. ಕರೆಯುವ ಹಸು. ಕೆಚ್ಚಲು ತುಂಬಿ ಬಿಗಿದಿತ್ತು, ಕರೆಯುವವರಿರಲಿಲ್ಲ. ಶಾಬ್ದಾನನ ಮನೆಯಲ್ಲಿ ಹಾಲು ಕರೆದು ಎಷ್ಟು ವರ್ಷವಾಗಿತ್ತೋ. ಹಸುಗಳೆಲ್ಲ ಬಡವರ ಮನೆಯಲ್ಲಿದ್ದವಲ್ಲ.

ಬಾಗಿಲು ತಟ್ಟಿದವಳು ಚಿನಾರ್. ಕೈಯಲ್ಲಿ ಬಕೆಟ್ಟು. ಕುರಿಚರ್ಮದ ಕೋಟಿನ ಮುಂಭಾಗವೆಲ್ಲ ಸಗಣಿ, ಒಂದು ಕಾಲು ಎಳೆದು ನಡೆಯುತ್ತಿದ್ದಳು. ಒಳಗೆ ಬಾ ಎನ್ನುವವರೆಗೂ ಕಾಯದೆ ಹೊಸಿಲ ಮೇಲೆ ಕೂತಳು. ಹಸು ಒದ್ದಿತೆಂದೂ, ಯಾರು ಹೋದರೂ ಹತ್ತಿರ ಬಿಡುತ್ತಿಲ್ಲವೆಂದೂ ಹೇಳಿದಳು. ಆಮೇಲೆ ಮಾವ ಹೇಳಿ ಕಳಿಸಿದ್ದನ್ನು ತಲೆ ತಗ್ಗಿಸಿ ಒಪ್ಪಿಸಿದಳು.

"ಹಸೂನ ಈಗಲೇ ಕಳಿಸಿ ಅಂದ್ರೆ ಕಳಿಸ್ತಾರಂತೆ ಏಜೆ. ಬರೀ ಅದೊಂದೇ, ಮಿಕ್ಕಿದ್ದು ಬೇಡ. ಎರಡು ಚೀಲ ಹಿಟ್ಟೂ ಕೊಡ್ತಾರಂತೆ, ಇವತ್ತೇ. ನೀವು ನಾಳೆ ಪಂಚಾಯ್ತಿಗೆ ಹೋಗಿ, ಸಿಟ್ಟಲ್ಲಿ ಹಂಗಂದೆ, ದನ ನಂದೇ ಅಂತ ಒಂದು ಮಾತು ಹೇಳಿದ್ರೆ ಸಾಕಂತೆ."

ಒಲೆಯ ಪಕ್ಕದಲ್ಲಿ ಹಿಟ್ಟಿನ ಚೀಲ ತಳ ಕಂಡಿತ್ತು. ಮಕ್ಕಳು ಮೂರೂ ತಾಯಿಯ ಬಾಯನ್ನೇ ನೋಡುತ್ತಿದ್ದವು. ಕಾಲಿಚಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಆಚೆ ಹಸು ಮತ್ತೆ ಕೂಗಿತು. ಬುರುಲ್‌ಳ ಬೆರಳುಗಳು ತಾವಾಗಿ ಮಡಚಿಕೊಂಡವು. ಮೂರು ವರ್ಷ ಹೊತ್ತು ಹೊತ್ತಿಗೆ ಆ ಮೊಲೆಗಳನ್ನು ಹಿಡಿದ ಬೆರಳುಗಳು. ಆ ಹಸು ಏನು ತಪ್ಪು ಮಾಡಿತ್ತು?

"ನಿನ್ನ ಮಾವಂಗೆ ಹೋಗಿ ಹೇಳು," ಎಂದಳು. "ಸರ್ಕಾರದ ಕೆಚ್ಚಲು ಹಿಂಡೋಕೆ ಬರುತ್ತಲ್ಲ, ಹಸೂದೂ ಹಿಂಡ್ಕೊಳ್ಳಲಿ."

ಚಿನಾರ್ ಬಕೆಟ್ಟು ಎತ್ತಿಕೊಂಡು ಹಿಮದಲ್ಲಿ ಕುಂಟುತ್ತ ಹೋದಳು. ಬುರುಲ್ ಬಾಗಿಲು ಹಾಕಿ, ಚೀಲ ಕೊಡವಿ, ಉಳಿದ ಹಿಟ್ಟನ್ನು ಕಲಸಲು ಕೂತಳು. ಹಸು ಕೂಗುತ್ತಲೇ ಇತ್ತು. ಅವಳು ಹೋಗಲಿಲ್ಲ.